ಹಿಂಬಾಗಿಲ ಮೇಲೆ ಕೂತವರು

ಪೊಲೀಸರಿಗೆ ಖಮ್‌ಪಾನ್ ಕೊಟ್ಟ ಹೇಳಿಕೆ ಮೂರೇ ಸಾಲಿನದು. "ಪಿಕಪ್ ಓಡಿಸುತ್ತಿದ್ದವನು ನಾನು. ನೀರಿನ ಪೀಪಾಯಿಗೆ ಜಾಗ ಸಾಲದೆ, ಹಿಂದೆ ಸರಿದು ಬಾಗಿಲ ಮೇಲೆ ಕೂತುಕೋ ಅಂತ ಮಗಳಿಗೆ ಹೇಳಿದವನೂ ನಾನೇ. ನನ್ನ ಮಗಳನ್ನು ನಾನೇ ಕೊಂದೆ."

ರಯೋಂಗ್ ಪಿಕಪ್ ಕಾರ್ಖಾನೆಯ ಮೂರನೇ ಮಹಡಿಯ ತನ್ನ ಕೋಣೆಯಲ್ಲಿ ಒರತೈ ಆ ಹಾಳೆಯನ್ನು ನಾಲ್ಕನೇ ಸಲ ಓದಿದಳು. ಕಂಪನಿಯ ವಕೀಲ ಅದನ್ನು ಕಡತದ ಮೊದಲ ಪುಟವಾಗಿ ಇಟ್ಟಿದ್ದ. ಪಕ್ಕದಲ್ಲಿ ಹಳದಿ ಚೀಟಿ ಅಂಟಿಸಿ "ನಮಗೆ ಅನುಕೂಲಕರ" ಎಂದು ಬರೆದಿದ್ದ. ಅವನ ಕೆಲಸ ಅದು, ಸರಿ. ಆದರೂ ಒಬ್ಬ ಅಪ್ಪ ಹೀಗೆ ಬರೆದುಕೊಟ್ಟದ್ದನ್ನು ನೋಡಿ ಅನುಕೂಲ ಅನ್ನಲು ಮನಸ್ಸಾದರೂ ಹೇಗೆ ಬಂತು, ಹಾಳಾದವನಿಗೆ!

ನಡೆದದ್ದು ಇಷ್ಟು. ಸೊಂಗ್‌ಕ್ರಾನ್ ಅನ್ನುವ ನೀರೆರಚಾಟದ ಹಬ್ಬದ ಎರಡನೇ ದಿನ, ಬುರಿರಾಮ್ ಕಡೆಯ ಒಂದು ಹಳ್ಳಿ. ಕೊಂಡು ಐದು ತಿಂಗಳಾದ ಹೊಸ ಪಿಕಪ್ಪು. ಅದರಲ್ಲಿ ಇನ್ನೂರು ಲೀಟರಿನ ಪೀಪಾಯಿ, ಬಕೆಟ್ಟು, ಚೊಂಬು, ಓಣಿಯ ಮಕ್ಕಳು ಮರಿ. ಹಿಂಬಾಗಿಲನ್ನು ಬಿಚ್ಚಿ ಮಲಗಿಸಿ ಅದರ ಮೇಲೆ ಏಳು ಜನ ಕಾಲು ಇಳಿಬಿಟ್ಟು ಕೂತಿದ್ದರು. ನಮ್ಮಲ್ಲಿ ಹಾಗೆ ಕೂರದವರು ಯಾರಿದ್ದಾರೆ ಹೇಳಿ. ಹಬ್ಬಕ್ಕೆ, ಮದುವೆಗೆ, ಕೊಯ್ಲಿಗೆ, ಹೆಣದ ಹಿಂದೆ ಕೂಡ ಹಾಗೇ ಕೂತು ಹೋಗುತ್ತೇವೆ. ನಾಯಿಯೊಂದು ಅಡ್ಡ ಬಂತು, ಖಮ್‌ಪಾನ್ ಬ್ರೇಕು ಹಾಕಿದ, ಗಾಡಿ ಒಂದು ಗುಂಡಿಗೆ ಇಳಿದು ಎದ್ದಿತು. ಮಲಗಿದ ಬಾಗಿಲನ್ನು ಎರಡು ಬದಿಯಿಂದ ಎತ್ತಿ ಹಿಡಿಯುವ ಉಕ್ಕಿನ ಪಟ್ಟಿಗಳಲ್ಲಿ ಎಡಗಡೆಯದು ತುಂಡಾಯಿತು. ಆರು ಜನಕ್ಕೆ ಕೈಕಾಲು ಮುರಿದದ್ದು, ತರಚಿದ್ದು. ಖಮ್‌ಪಾನನ ಮಗಳು ಬುವಾ, ಕೋರಾತ್ ಪಟ್ಟಣದಿಂದ ಹಬ್ಬಕ್ಕೆ ಊರಿಗೆ ಬಂದಿದ್ದ ಹತ್ತೊಂಬತ್ತರ ಹುಡುಗಿ, ತಲೆ ರಸ್ತೆಯಂಚಿಗೆ ಬಡಿದು ಅಲ್ಲೇ ಹೋದಳು.

ಆ ಪಟ್ಟಿ ಮೊದಲು ಮೂರು ಮಿಲಿಮೀಟರ್ ದಪ್ಪ ಇತ್ತು. ಹೊಸ ಗಾಡಿಯಲ್ಲಿ ಎರಡಕ್ಕೆ ಇಳಿಸಿದವಳು ಒರತೈ.

ಒರತೈ ಅನ್ನುವುದು ಕಾಗದದ ಮೇಲಿನ ಹೆಸರು, ಕಾರ್ಖಾನೆಗೆಲ್ಲ ಅವಳು ಮೊದ್. ಮೊದ್ ಅಂದರೆ ಇರುವೆ. ಹುಟ್ಟಿದಾಗ ಅಷ್ಟು ಸಣ್ಣಗಿದ್ದಳಂತೆ. ಇಪ್ಪತ್ತಮೂರು ವರ್ಷದ ಹಿಂದೆ ಅವಳು ಪರೀಕ್ಷಾ ವಿಭಾಗಕ್ಕೆ ಕಾಲಿಟ್ಟಾಗ ಅಲ್ಲಿ ಎಂಬತ್ತು ಗಂಡಸರು, ಇವಳೊಬ್ಬಳೇ ಹೆಣ್ಣು. ಹೆಂಗಸರಿಗೆ ಅಂತ ಒಂದು ಶೌಚಾಲಯವೂ ಇರಲಿಲ್ಲ. "ಕಾಫಿ ತರೋಕೆ ಹೊಸ ಹುಡುಗಿ ಬಂದ್ಲು ಕಣ್ರೋ" ಎಂದು ಎಲ್ಲ ನಕ್ಕರು. ನಗದವನು ಒಬ್ಬನೇ, ಪರೀಕ್ಷಾ ಚಾಲಕರ ಮೇಸ್ತ್ರಿ ವಿಚಿಯನ್. ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಯಾವ ಬೋಲ್ಟು ಸಡಿಲ ಇದೆ ಅಂತ ಸೊಂಟದಲ್ಲೇ ತಿಳಿಯುವುದನ್ನು ಕಲಿಸಿದ. ಅವಳು ಅವನನ್ನು ಅಣ್ಣ ಅಂದಳು, ಅವನು ತಂಗಿ ಅಂದ.

ಆಮೇಲೆ ಅವಳು ಮೇಲಕ್ಕೆ ಹೋದಳು. ಜಪಾನಿನ ನಗೋಯಾದಲ್ಲಿ, ಕಂಪನಿಯ ಮೂಲ ಊರಲ್ಲಿ, ಮೂರು ವರ್ಷ ಕಲಿತಳು. ಬಂದು ಬ್ರೇಕು ವಿಭಾಗದ ಮುಖ್ಯಸ್ಥೆಯಾದಳು, ಆಮೇಲೆ ಗಾಡಿಯ ಇಡೀ ದೇಹಕ್ಕೆ, ಕೊನೆಗೆ ಇಡೀ ಗಾಡಿಗೇ ಮುಖ್ಯ ಎಂಜಿನಿಯರ್. ಈ ದೇಶದಲ್ಲಿ ಆ ಕುರ್ಚಿಯಲ್ಲಿ ಕಂಪನಿ ಕೂರಿಸಿದ ಮೊದಲ ಹೆಂಗಸು. ಇದೆಲ್ಲ ಬಿಟ್ಟಿ ಸಿಕ್ಕಿತು ಅಂದುಕೊಳ್ಳಬೇಡಿ. ತಾಯಿ ತೀರಿಕೊಂಡ ದಿನ ಅವಳು ಬೆಟ್ಟದ ರಸ್ತೆಯಲ್ಲಿ ಬ್ರೇಕು ಪರೀಕ್ಷೆ ಮಾಡಿಸುತ್ತಿದ್ದಳು. ಊರು ಮುಟ್ಟುವ ಹೊತ್ತಿಗೆ ಚಿತೆ ತಣ್ಣಗಾಗಿತ್ತು. ಮದುವೆ ಅಂದರೆ "ಟೈಮ್ ಎಲ್ಲಿದೆ" ಅನ್ನುತ್ತಿದ್ದವಳನ್ನು ನಲವತ್ತು ದಾಟಿದ ಮೇಲೆ ಕೇಳುವವರೂ ಇಲ್ಲವಾದರು. ಅವಳಿಗೆ ಇದ್ದದ್ದು ಗಾಡಿ, ಮತ್ತೆ ಅವಳನ್ನು ನೋಡಿ ಎಂಜಿನಿಯರಿಂಗ್‌ಗೆ ಬಂದ ಮೂವತ್ತೊಂದು ಹುಡುಗಿಯರು.

ಹೊಸ ಗಾಡಿಯ ತೂಕ ನಲವತ್ತು ಕಿಲೋ ಇಳಿಯಬೇಕು ಅಂತ ಮೇಲಿನಿಂದ ಆಜ್ಞೆ ಬಂದಿತ್ತು. ಗಂಡಸರೆಲ್ಲ ಆಗೋ ಮಾತಲ್ಲ ಅಂದಾಗ, ಇಳಿಸಿ ತೋರಿಸಿದವಳು ಒರತೈ. ಇಲ್ಲಿ ನಾನೂರು ಗ್ರಾಂ, ಅಲ್ಲಿ ಕಾಲು ಕಿಲೋ ಅಂತ ಹೆಕ್ಕಿ ಹೆಕ್ಕಿ ತೆಗೆದಳು. ಹಿಂಬಾಗಿಲ ಪಟ್ಟಿ ಆ ಲೆಕ್ಕದಲ್ಲಿ ಹೋಯಿತು. ಪುಸ್ತಕದಲ್ಲಿ ಹೇಳಿದ ಪರೀಕ್ಷೆ ಮಾಡಿಸಿದಳು. ಬಾಗಿಲ ಮೇಲೆ ಮರಳಿನ ಮೂಟೆ ಹೇರಿಸಿದಳು, ಹತ್ತು ಸಾವಿರ ಸಲ ತೆಗೆದು ಮುಚ್ಚಿಸಿದಳು. ಪಟ್ಟಿ ಪಾಸಾಯಿತು.

ಆದರೆ ಪುಸ್ತಕದಲ್ಲಿ ಇಲ್ಲದ ಇನ್ನೊಂದು ಪರೀಕ್ಷೆ ಇತ್ತು. ಅದು ವಿಚಿಯನ್‌ನ ಸ್ವಂತದ್ದು, ಹೆಸರು ಹಬ್ಬದ ಸವಾರಿ. ಪ್ರತಿ ಹೊಸ ಗಾಡಿಗೂ ಅವನು ತನ್ನ ಎಂಟು ಚಾಲಕರನ್ನು ಹಿಂಬಾಗಿಲ ಮೇಲೆ ಕೂರಿಸಿ, ಹಾಡು ಹಾಕಿ, ಗುಂಡಿ ಬಿದ್ದ ಕೆಮ್ಮಣ್ಣಿನ ದಾರಿಯಲ್ಲಿ ಮೂರು ದಿನ ಓಡಿಸುತ್ತಿದ್ದ. ಜಪಾನಿನ ಪುಸ್ತಕಕ್ಕೆ ಗೊತ್ತೇ ನಮ್ಮ ಜನ ಹೇಗೆ ಕೂರುತ್ತಾರೆ ಅಂತ? ಮೂರು ವರ್ಷದ ಹಿಂದೆ ಆ ಸವಾರಿಯಲ್ಲಿ ಒಬ್ಬ ಬಿದ್ದು ಮಣಿಕಟ್ಟು ಮುರಿದುಕೊಂಡ. ಒರತೈ ಅದನ್ನು ನಿಲ್ಲಿಸಿದಳು. ಕೆಲಸದವರ ಮೂಳೆ ಮುರಿಸಿ ಗಾಡಿ ಪರೀಕ್ಷಿಸಬಾರದು, ಅವಳು ಮಾಡಿದ್ದು ಸರಿಯೇ. ಅದರ ಬದಲಿಗೆ ಮನುಷ್ಯರ ತೂಕದ ಗೊಂಬೆ ಕೂರಿಸಿ ಓಡಿಸುವ ಏರ್ಪಾಡು ಮಾಡುತ್ತೇನೆ ಅಂದಿದ್ದಳು. ನಾಳೆ ನಾಡಿದ್ದು ಅನ್ನುತ್ತ ಅದು ಹಾಗೇ ಉಳಿಯಿತು.

ಹೋದ ವರ್ಷ, ಗಾಡಿ ಮಾರುಕಟ್ಟೆಗೆ ಹೋಗುವ ಮುಂಚಿನ ಕೊನೆಯ ಸಭೆ. ಗೋಡೆಯ ಮೇಲೆ ಅವಳೇ ಬರೆಸಿ ತೂಗುಹಾಕಿದ ಹಲಗೆ: 'ಇದ್ದದ್ದನ್ನು ನೇರವಾಗಿ ಹೇಳಿ.' ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದಳು, ಆಕ್ಷೇಪಣೆ ಇದೆಯಾ ಅಂತ. ಈಗ ಪರೀಕ್ಷಾ ವಿಭಾಗದ ಮುಖ್ಯಸ್ಥನಾಗಿದ್ದ ವಿಚಿಯನ್ ಸರದಿ ಬಂತು.

"ಪುಸ್ತಕದ ಪ್ರಕಾರ ಎಲ್ಲಾ ಸರಿಯಾಗೇ ಇದೆ" ಅಂದ. ಕಾಗದ ಜೋಡಿಸಿಕೊಳ್ಳುತ್ತ, ನಗುತ್ತ, ಇನ್ನೂ ಒಂದು ಮಾತು ಸೇರಿಸಿದ: "ಈ ಸಲ ಹಬ್ಬಕ್ಕೆ ನಮ್ಮೂರ ಹುಡುಗ್ರು ಈ ಹೊಸ ಗಾಡೀನೇ ತಗೋತಾರಂತೆ ತಂಗಿ. ಎಂಟ್ಹತ್ತು ಜನ ಹಿಂದೆ ಹತ್ತಿಬಿಡ್ತಾರೆ, ಕೋತಿಗಳು."

ಎಲ್ಲರೂ ನಕ್ಕರು. ಒರತೈಯೂ ನಕ್ಕಳು. ಸಹಿ ಹಾಕಿದಳು.

ನಮ್ಮ ಜನಕ್ಕೆ ದಾಕ್ಷಿಣ್ಯ ತಾಯಿಹಾಲಿನ ಜೊತೆ ಬಂದದ್ದು. ದೊಡ್ಡವರ ಮುಖಕ್ಕೆ ಇಲ್ಲ ಅನ್ನಬಾರದು, ಅದೂ ನಾಲ್ಕು ಜನರ ಮುಂದೆ. ಹೇಳಬೇಕಾದದ್ದನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇಟ್ಟು ಸುಮ್ಮನಾಗಬೇಕು, ಕೇಳುವವರು ತಾವಾಗಿ ಅರ್ಥ ಮಾಡಿಕೊಳ್ಳಬೇಕು. ವಿಚಿಯನ್ ಇಟ್ಟ. ಅವಳಿಗೆ ಅರ್ಥವಾಗಲಿಲ್ಲ ಅಂದುಕೊಂಡಿರಾ? ಚೆನ್ನಾಗಿ ಅರ್ಥವಾಯಿತು. ಇದೇ ನೆಲದಲ್ಲಿ ಬೆಳೆದವಳು, ಹಿಂಬಾಗಿಲ ಮೇಲೆ ಕೂತೇ ಶಾಲೆಗೆ ಹೋದವಳು. ಆದರೆ ಮಾರುಕಟ್ಟೆಗೆ ಬಿಡಲು ಹನ್ನೊಂದು ದಿನ ಉಳಿದಿತ್ತು, ಮತ್ತೆ ಪರೀಕ್ಷೆ ಅಂದರೆ ಎರಡು ತಿಂಗಳು. 'ನೇರವಾಗಿ ಹೇಳಲಿಲ್ಲವಲ್ಲ' ಅಂತ ತನಗೆ ತಾನೇ ಹೇಳಿಕೊಂಡಳು. ತಾನು ಬರೆಸಿದ ಹಲಗೆಯ ಹಿಂದೆ ತಾನೇ ಅಡಗಿ ಕೂತಳು.

ವಿಚಾರಣೆ ನಡೆದದ್ದು ಏಪ್ರಿಲ್ ಕೊನೆಯ ವಾರ. ಮೇಜಿನ ಆ ತುದಿಯಲ್ಲಿ ಕಂಪನಿಯ ಹಿರಿಯ ಅಧಿಕಾರಿ, ಜಪಾನಿನ ತೊಕುನಾಗಾ. ಹದಿನೈದು ವರ್ಷ ಇಲ್ಲೇ ಇದ್ದು ನಮ್ಮ ಮಾತನ್ನು ತಪ್ಪಿಲ್ಲದೆ ಆಡುವವನು. ಪಕ್ಕದಲ್ಲಿ ವಕೀಲ. ಈಚೆ ಒರತೈ, ವಿಚಿಯನ್. ನಡಾವಳಿ ಬರೆಯಲು ಖಿಂಗ್ ಅನ್ನುವ ಹುಡುಗಿ, ಆ ಮೂವತ್ತೊಂದರಲ್ಲಿ ಒಬ್ಬಳು. ನಮ್ಮ ಕಾರ್ಖಾನೆಯ ಪದ್ಧತಿ ಐದು ಸಲ 'ಯಾಕೆ' ಅಂತ ಕೇಳುವುದು. ಗೋಡೆಯ ಬಿಳಿ ಹಲಗೆಯಲ್ಲಿ ಐದು ಮನೆ ಎಳೆದು, ಒಂದೊಂದೇ ತುಂಬುತ್ತಾರೆ. ಐದನೆಯದರಲ್ಲಿ ಏನು ಸಿಕ್ಕಿತೋ ಅದೇ ಮೂಲ ಕಾರಣ.

ಹುಡುಗಿ ಯಾಕೆ ಬಿದ್ದಳು? ಪಟ್ಟಿ ತುಂಡಾಯಿತು. ಯಾಕೆ ತುಂಡಾಯಿತು? ಜನ ಕೂತು ಕುಲುಕುವ ಭಾರ ಅದು ತಾಳಲಿಲ್ಲ. ಅದು ಮೊದಲೇ ಯಾಕೆ ತಿಳಿಯಲಿಲ್ಲ? ಅಂಥ ಪರೀಕ್ಷೆ ಮಾಡಲಿಲ್ಲ. ಯಾಕೆ ಮಾಡಲಿಲ್ಲ? ಪರೀಕ್ಷೆ ಬೇಕು ಅಂತ ಪರೀಕ್ಷಾ ವಿಭಾಗ ಕೇಳಲಿಲ್ಲ. ಯಾಕೆ ಕೇಳಲಿಲ್ಲ?

ವಿಚಿಯನ್ ಎದ್ದು ನಿಂತು ಜೇಬಿನಿಂದ ಒಂದು ಹಾಳೆ ತೆಗೆದ. "ನಾನು ಮರೆತೆ. ಇದರಲ್ಲಿ ಬರ್ದಿದೀನಿ. ವಯಸ್ಸಾಯ್ತು, ಸೆಪ್ಟೆಂಬರಿಗೆ ಹೇಗೂ ನಿವೃತ್ತಿ. ಈಗ್ಲೇ ಬಿಡ್ತೀನಿ."

ಒರತೈಗೆ ಈ ಹಾಳೆಯ ಸುದ್ದಿಯೇ ಗೊತ್ತಿರಲಿಲ್ಲ. "ಸುಳ್ಳು" ಅಂದಳು. "ಅವರು ನನಗೆ ಹೇಳಿದ್ರು. ಕೊನೇ ಸಭೇಲಿ ಹೇಳಿದ್ರು. ನಾನು ಕಿವಿಗೆ ಹಾಕ್ಕೊಳ್ಲಿಲ್ಲ."

ತೊಕುನಾಗಾ ಕನ್ನಡಕ ತೆಗೆದ. "ಏನಂತ ಹೇಳಿದ್ರು? ಯಾವ ಮಾತಲ್ಲಿ ಹೇಳಿದ್ರೋ ಅದೇ ಮಾತಲ್ಲಿ ಹೇಳಿ."

ಅವಳು ಹೇಳಿದಳು. ಹಬ್ಬ, ಊರ ಹುಡುಗರು, ಎಂಟ್ಹತ್ತು ಜನ, ಕೋತಿಗಳು. ಹಾಡುಹಗಲಲ್ಲಿ, ಬಿಳಿ ಹಲಗೆಯ ಮುಂದೆ, ಆ ಮಾತು ಅವಳಿಗೇ ಏನೂ ಅಲ್ಲದ ಹರಟೆಯಾಗಿ ಕೇಳಿಸಿತು.

"ಇಷ್ಟೇನಾ?" ವಕೀಲ ನಕ್ಕ. "ಮೇಡಂ, ಇದು ಊಟದ ಹೊತ್ತಿನ ಮಾತು."

"ನಿಮಗೂ ಗೊತ್ತು ಅದರ ಅರ್ಥ! ನೀವೂ ನಮ್ಮೋರೇ ತಾನೆ, ಆಕಾಶದಿಂದ ಉದುರಿದ್ರಾ?"

ತೊಕುನಾಗಾ ವಿಚಿಯನ್ ಕಡೆ ತಿರುಗಿದ. "ನೀವು ಇವರಿಗೆ ಎಚ್ಚರಿಕೆ ಕೊಟ್ಟಿದ್ರಾ?"

"ಇಲ್ಲ" ಅಂದ ವಿಚಿಯನ್, ಅವಳ ಮುಖ ನೋಡದೆ. "ಊರ ಹುಡುಗ್ರ ಸುದ್ದಿ ಮಾತಾಡಿದೆ, ಅಷ್ಟೇ."

ಖಿಂಗ್ ಬರೆಯುವುದನ್ನು ನಿಲ್ಲಿಸಿ ಒರತೈಯನ್ನು ನೋಡಿದಳು. ಬೇಡ ಅಕ್ಕಾ, ಸುಮ್ಮನಿರಿ ಅನ್ನುವ ನೋಟ. ಆಮೇಲೆ ಐದನೇ ಮನೆಯಲ್ಲಿ ಬರೆದಳು: ಪರೀಕ್ಷಾ ಮುಖ್ಯಸ್ಥರ ಮರೆವು. ಹೊರಗಿನವರಿಗೆ ಅದೂ ಇಲ್ಲ. ಹೊರಗೆ ಹೇಳುವುದು, ಬಾಗಿಲ ಮೇಲೆ ಕೂರಬಾರದು ಅಂತ ಗಾಡಿಯಲ್ಲಿ ಚೀಟಿ ಅಂಟಿಸಿದೆ, ಚಾಲಕ ಅದನ್ನು ಮೀರಿದ, ಇಷ್ಟೇ. ಮಾರಿದ ಗಾಡಿಗಳು ಸರ್ವೀಸಿಗೆ ಬಂದಾಗ ಸದ್ದಿಲ್ಲದೆ ದಪ್ಪ ಪಟ್ಟಿ ಹಾಕುವುದು ಅಂತಲೂ ತೀರ್ಮಾನವಾಯಿತು.

ಅವಳು ವಿಚಿಯನ್‌ನನ್ನು ಹುಡುಕಿಕೊಂಡು ಪರೀಕ್ಷಾ ರಸ್ತೆಯ ಶೆಡ್ಡಿಗೆ ಹೋದಳು. ಅವನು ತನ್ನ ಬೀರು ಖಾಲಿ ಮಾಡುತ್ತಿದ್ದ. ಒಂದು ಟವೆಲ್ಲು, ಒಂದು ಜೊತೆ ಬೂಟು, ದಾರದಲ್ಲಿ ಕಟ್ಟಿದ ಬುದ್ಧನ ತಾಯಿತ.

"ಯಾಕಣ್ಣಾ ಹೀಗ್ಮಾಡ್ದೆ?"

"ಮೂವತ್ತೆಂಟು ವರ್ಷದಲ್ಲಿ ಇವತ್ತೇ ನೋಡು ದೊಡ್ಡೋರ ಮುಂದೆ ನಾನು ನೇರವಾಗಿ ಮಾತಾಡಿದ್ದು" ಅಂದ ಅವನು. "ಅದೂ ಸುಳ್ಳು ಮಾತು."

"ನಗಬೇಡ. ನಗೋ ವಿಷಯ ಅಲ್ಲ ಇದು."

"ಅಳೋಕೆ ಮನೇಲಿ ಜಾಗ ಇದೆ ತಂಗಿ." ಅವನು ಬೂಟನ್ನು ಚೀಲಕ್ಕೆ ತುರುಕಿದ. "ಕೇಳು. ಮುಂದಿನ ವಾರ ನಿನ್ನನ್ನ ಬ್ಯಾಂಕಾಕಿಗೆ ಉಪಾಧ್ಯಕ್ಷೆ ಮಾಡ್ತಾರೆ. ನೀನು ಬಿದ್ರೆ ನೀನೊಬ್ಳೇ ಬೀಳಲ್ಲ. ನೋಡಿದ್ರಾ, ಹೆಂಗಸಿನ ಕೈಗೆ ಗಾಡಿ ಕೊಟ್ರೆ ಹೀಗಾಗೋದು ಅಂತಾರೆ. ಆ ಮೂವತ್ತೊಂದು ಮಕ್ಳು ಕಾಫಿ ತರೋಕೆ ವಾಪಸ್ ಹೋಗಬೇಕಾ? ನನಗೇನು, ಹೆಂಡ್ತಿ ಕೋಳಿ ಸಾಕಿದಾಳೆ, ನೋಡ್ಕೊಂಡಿರ್ತೀನಿ. ಮತ್ತೆ, ನಾನು ಬಾಯಿ ಬಿಟ್ಟು ಹೇಳ್ಲಿಲ್ಲ ಅನ್ನೋದೇನು ಸುಳ್ಳಲ್ಲವಲ್ಲ. ಹೇಳಬಹುದಿತ್ತು. ಮೊದ್, ಇದು ಮುರಿಯುತ್ತೆ ಅಂತ ಒಂದೇ ಮಾತು. ಹೇಳಿದ್ರೆ ನಿನ್ನ ಮುಖ ಸಣ್ಣದಾಗ್ತಿತ್ತು ಅಂತ ನುಂಗಿಕೊಂಡೆ. ನಿನ್ನ ಮುಖ ಉಳಿಸೋಕೆ ಹೋಗಿ ಒಂದು ಮಗು ಹೋಯ್ತು."

"ಆ ಮಗುವಿನ ಅಪ್ಪ?"

ವಿಚಿಯನ್‌ನ ಕೈ ನಿಂತಿತು.

"ನಾನೇ ಕೊಂದೆ ಅಂತ ಬರೆದುಕೊಟ್ಟಿದ್ದಾನೆ ಅಣ್ಣಾ. ಅವನ ಮೇಲೆ ಕೇಸು ಹಾಕಿದಾರೆ. ಅವನು ಸಾಯೋವರೆಗೂ ಹಾಗೇ ಅಂದ್ಕೊಂಡಿರ್ಬೇಕಾ?"

"ಅವನು ಹೇಗಿದ್ರೂ ಅಳ್ತಾನೆ" ಅಂದ ವಿಚಿಯನ್. "ನಮ್ಮ ಕಾಗದದಿಂದ ಅವಳು ಎದ್ದು ಬರ್ತಾಳಾ? ಬಿಟ್ಟುಬಿಡು ತಂಗಿ." ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಅವನು ಅದನ್ನು ಆ ಟವೆಲ್ಲಿನಲ್ಲೇ ಒರೆಸಿಕೊಂಡು ಹೊರಟ.

ಶನಿವಾರ ಬೆಳಗ್ಗೆ ಒರತೈ ಅದೇ ಮಾದರಿಯ ಪಿಕಪ್ ಹತ್ತಿ ಬುರಿರಾಮ್ ಕಡೆ ಹೊರಟಳು. ಯಾರಿಗೂ ಹೇಳಲಿಲ್ಲ. ಸೋಮವಾರ ಬಡ್ತಿಯ ಸುದ್ದಿ ಹೊರಬೀಳುವುದಿತ್ತು. ಖಿಂಗ್ ಮತ್ತೆ ಉಳಿದ ಹುಡುಗಿಯರು ಹೂವಿನ ಮಾಲೆಗೆ ಹೇಳಿಟ್ಟಿದ್ದೂ ಗೊತ್ತಿತ್ತು. ಕೋರಾತ್ ದಾಟಿದ ಮೇಲೆ ಅವಳ ಮುಂದೆ ಒಂದು ಪಿಕಪ್ ಹೋಗುತ್ತಿತ್ತು, ಅವಳೇ ರೂಪಿಸಿದ ಗಾಡಿ, ಅವಳದ್ದೇ ಹಿಂಬಾಗಿಲು, ಅದರ ಮೇಲೆ ಗಾರೆ ಕೆಲಸದ ಐದು ಜನ ಕಾಲಾಡಿಸುತ್ತ ಕೂತಿದ್ದರು. ಅವಳ ಕಣ್ಣು ಆ ಪಟ್ಟಿಯನ್ನು ಬಿಟ್ಟು ಕದಲಲಿಲ್ಲ. ಪ್ರತಿ ಗುಂಡಿಗೂ ಉಸಿರು ಹಿಡಿದಳು. ಹಾರನ್ ಹೊಡೆದಳು, ಕೈ ಬೀಸಿದಳು, ಕೊನೆಗೆ ಪಕ್ಕಕ್ಕೆ ಬಂದು ಅಡ್ಡಗಟ್ಟಿ ನಿಲ್ಲಿಸಿಯೇ ಬಿಟ್ಟಳು.

"ಒಳಗೆ ಸರಿದು ಕೂತ್ಕೊಳ್ಳಿ! ಬಾಗಿಲ ಮೇಲೆ ಕೂರಬೇಡಿ!"

"ಅಕ್ಕೋ, ಒಳಗೆ ಸಿಮೆಂಟು ಕೂತಿದೆ!" ಎಂದ ಒಬ್ಬ.

"ಅಕ್ಕನ ಗಾಡಿ ಖಾಲಿ ಇದೆಯಲ್ರೋ, ಮಡಿಲಲ್ಲಿ ಕೂರಿಸ್ಕೊಳ್ತಾರೇನೋ ಕೇಳಿ!" ಎಂದ ಇನ್ನೊಬ್ಬ. ಎಲ್ಲ ಗೊಳ್ಳೆಂದರು.

"ಹತ್ತಿ" ಅಂದಳು ಒರತೈ. "ನನ್ನ ಗಾಡಿ ಹತ್ತಿ. ಎಲ್ಲಿಗೆ ಬೇಕೋ ಬಿಡ್ತೀನಿ."

ಅವಳ ಮುಖ ನೋಡಿ ಅವರ ನಗು ಇಳಿಯಿತು. ಐದೂ ಜನ ಹತ್ತಿದರು, ಹದಿನೆಂಟು ಕಿಲೋಮೀಟರ್ ಆಚೆ ಕೈ ಮುಗಿದು ಇಳಿದರು. ಈ ಐದು ಜನರನ್ನು ಇಳಿಸಿದೆ, ಉಳಿದ ಗಾಡಿಗಳ ಹಿಂದೆ ಯಾರು ಹೋಗಿ ಅಡ್ಡ ನಿಲ್ಲುತ್ತಾರೆ ಅಂತ ಅವಳು ದಾರಿಯುದ್ದಕ್ಕೂ ಯೋಚಿಸಿದಳು.

ಊರು ಮುಟ್ಟಿದಾಗ ನೆತ್ತಿಯ ಮೇಲೆ ಬಿಸಿಲು. ಖಮ್‌ಪಾನನ ಮನೆ ಯಾವುದೆಂದು ಕೇಳಿದ್ದಕ್ಕೆ ಅಂಗಡಿಯವಳು ಗದ್ದ ಎತ್ತಿ ತೋರಿಸಿದಳು. ಕಂಬದ ಮೇಲಿನ ಮನೆಯ ಅಡಿ ನೆರಳಲ್ಲಿ ಒಬ್ಬ ಹೆಂಗಸು ಅಂಟನ್ನದ ಅಕ್ಕಿ ಆರಿಸುತ್ತಿದ್ದಳು. ಅವಳೇ ಓನ್‌ಸಿ, ಬುವಾಳ ತಾಯಿ. ಬಂದವರು ಯಾರೆಂದು ಕೇಳುವ ಮುಂಚೆ ಎದ್ದು ನೀರು ತಂದು ಕೊಟ್ಟಳು.

"ಕಂಪನಿಯಿಂದ ಬಂದೆ" ಅಂದಳು ಒರತೈ.

"ಹೂವಿನ ಚಕ್ರ ಬಂತು ಆವತ್ತೇ. ದೊಡ್ಡದಿತ್ತು."

"ಅದಕ್ಕಲ್ಲ. ತಪ್ಪು ನಿಮ್ಮ ಯಜಮಾನರದ್ದಲ್ಲ, ನನ್ನದು ಅಂತ ಹೇಳೋಕೆ ಬಂದೆ. ಆ ಗಾಡಿ ಮಾಡಿದವಳು ನಾನು."

ಓನ್‌ಸಿ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಗಾಡಿ ಹೆಂಗಸ್ರು ಮಾಡ್ತಾರಾ?"

"ಮಾಡ್ತಾರೆ."

"ಅದು ಮುರಿಯುತ್ತೆ ಅಂತ ಗೊತ್ತಿತ್ತಾ ನಿಮ್ಗೆ?"

ಇಷ್ಟು ದಿನ ಯಾರೂ ಹೀಗೆ ಕೇಳಿರಲಿಲ್ಲ. ಐದು ಯಾಕೆ ಕೇಳಿದವರು ಈ ಒಂದು ಮಾತು ಕೇಳಲಿಲ್ಲ. ಒರತೈ ನೀರಿನ ಲೋಟವನ್ನು ಕೆಳಗಿಟ್ಟಳು. "ಮುರಿಯಬಹುದು ಅಂತ ಗೊತ್ತಿತ್ತು."

"ಗೊತ್ತಿದ್ದೂ ಮಾರಿದ್ರಿ."

"ಮಾರಿದೆ."

"ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ್ರಿ ಅನ್ನಿ." ಓನ್‌ಸಿ ಕೂಗಲಿಲ್ಲ. ಕೂಗಿದ್ದರೆ, ಜುಟ್ಟು ಹಿಡಿದು ಎರಡು ಬಾರಿಸಿದ್ದರೆ ಒರತೈಗೆ ಹಗುರವಾಗುತ್ತಿತ್ತು. ಓನ್‌ಸಿ ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಸೀರೆಯಂತೆ ಸುತ್ತಿದ ಲುಂಗಿಯ ತುದಿಯನ್ನು ಬಿಗಿ ಮಾಡಿಕೊಂಡು, ಅನ್ನದ ಬಿದಿರು ಬುಟ್ಟಿಯನ್ನು ಕೈಗೆತ್ತಿಕೊಂಡಳು. "ನಡೀರಿ. ನನ್ನ ಹತ್ರ ಅಲ್ಲ, ಅವನ ಹತ್ರ ಹೇಳ್ಬೇಕು ಇದನ್ನ. ಮನೇಲಿ ಅವಳ ಫೋಟೋ ಇದೆ ಅಂತ ಮೆಟ್ಟಿಲೇ ಹತ್ತಲ್ಲ ಅವನು. ಗದ್ದೆ ಗುಡಿಸಲಲ್ಲಿ ಬಿದ್ಕೊಂಡಿದಾನೆ. ದಿನಾ ಬುಟ್ಟಿ ಒಯ್ತೀನಿ, ದಿನಾ ತುಂಬಿದ್ದು ತುಂಬಿದ ಹಾಗೇ ವಾಪಸ್ ತರ್ತೀನಿ."

ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದರು. ಖಮ್‌ಪಾನ್ ಗುಡಿಸಲಿನ ಅಟ್ಟಣೆಯ ಮೇಲೆ ಕೂತಿದ್ದ. ಐವತ್ತು ದಾಟಿರದ ಮನುಷ್ಯ, ಸೊರಗಿ ಅಂಗಿ ಮಾತ್ರ ಕೂತಂತೆ ಕಾಣುತ್ತಿದ್ದ. ಹೆಂಡತಿ, "ಇವರ ಮಾತು ಕೇಳು" ಅಂದಾಗ ತಲೆ ಎತ್ತಿದ.

ಒರತೈ ಇನ್ನೊಮ್ಮೆ ಹೇಳಿದಳು, ಒಂದನ್ನೂ ಬಿಡದೆ. ನಲವತ್ತು ಕಿಲೋ ಇಳಿಸಿದ್ದು, ಹಬ್ಬದ ಸವಾರಿ ನಿಲ್ಲಿಸಿದ್ದು, ವಿಚಿಯನ್ ಅಡ್ಡಗೋಡೆಯ ಮೇಲೆ ಇಟ್ಟ ಮಾತು, ತಾನು ನಕ್ಕು ಸಹಿ ಹಾಕಿದ್ದು.

"ಇಲ್ಲ ತಾಯಿ" ಅಂದ ಖಮ್‌ಪಾನ್, ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ. "ನೀವು ಯಾರೋ ಒಳ್ಳೆಯವರು, ಸಮಾಧಾನ ಮಾಡೋಕೆ ಬಂದಿದೀರಿ. ಹಿಂದೆ ಕೂತ್ಕೋ ಅಂದೋನು ನಾನು. ಬ್ರೇಕ್ ಹಾಕಿದ್ದು ನಾನು. ನಾಯಿ ಸಾಯ್ಲಿ ಅಂತ ಬಿಟ್ಟಿದ್ರೆ ಮಗಳು ಉಳೀತಿದ್ಲು."

"ಎಷ್ಟು ಜನ ಕೂತಿದ್ರು?"

"ಏಳು."

"ಹಳೇ ಪಟ್ಟಿ ಇದ್ದಿದ್ರೆ ಏಳಲ್ಲ, ಹತ್ತು ಜನ ಕೂತಿದ್ರೂ ತಡೀತಿತ್ತು. ನೀವು ಬ್ರೇಕ್ ಹಾಕಿದ್ರೂ ತಡೀತಿತ್ತು, ಗುಂಡೀಲಿ ಇಳಿದ್ರೂ ತಡೀತಿತ್ತು. ನಾನು ಇದನ್ನ ಸಮಾಧಾನಕ್ಕೆ ಹೇಳ್ತಿಲ್ಲ. ಇಪ್ಪತ್ತಮೂರು ವರ್ಷ ನಾನು ಮಾಡಿದ್ದು ಇದೇ ಕೆಲಸ."

"ಎಷ್ಟು ದಪ್ಪ ಕಮ್ಮಿ ಮಾಡಿದ್ರಿ?"

ಅವಳು ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ತಂದು, ಎರಡು ಉಗುರಿನ ನಡುವೆ ಒಂದು ಗೆರೆಯಷ್ಟು ಸಂದು ಬಿಟ್ಟು ತೋರಿಸಿದಳು. ಖಮ್‌ಪಾನ್ ಅಟ್ಟಣೆಯಿಂದ ಇಳಿದು ಬಂದ. ಅವಳ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ಆ ಸಂದಿಯಲ್ಲಿ ನೋಡಿದ.

"ಇಷ್ಟೇನಾ?"

"ಇಷ್ಟೇ."

"ಇಷ್ಟು ಇದ್ದಿದ್ರೆ ಬದುಕಿರ್ತಿದ್ಲಾ?"

"ಬದುಕಿರ್ತಿದ್ಲು."

ಅವನು ಕೈ ಬಿಟ್ಟ. ಓನ್‌ಸಿ ಗುಡಿಸಲಿನ ಗಳಕ್ಕೆ ಸಿಕ್ಕಿಸಿದ್ದ ದೇವಸ್ಥಾನದ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆಯನ್ನು ಹರಿದು, ಹಿಂಬದಿ ಮೇಲೆ ಮಾಡಿ, ಒರತೈಯ ಮುಂದೆ ಇಟ್ಟಳು. "ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಬರೆದುಕೊಡಿ. ಪೊಲೀಸಿನೋನು ಇವನ ಕಾಗದ ಇಟ್ಕೊಂಡಿದಾನೆ, ಅದರ ಮೇಲೆ ಇದನ್ನ ಇಟ್ಟು ಬರ್ತೀನಿ."

ಒರತೈ ಅಟ್ಟಣೆಯ ಮೇಲೆ ಕೂತು ಬರೆದಳು. ಈ ಹಾಳೆ ಠಾಣೆ ಸೇರಿದ ಗಳಿಗೆಯಲ್ಲಿ ಬ್ಯಾಂಕಾಕಿನ ಕುರ್ಚಿ ಹೋಯಿತು, ರಯೋಂಗಿನದ್ದೂ ಹೋಯಿತು. ಹೆಂಗಸಿನ ಕೈಗೆ ಕೊಟ್ಟರೆ ಹೀಗೇ ಅಂತ ಅನ್ನುವವರ ಬಾಯಿಗೆ ತಾನೇ ಅನ್ನ ಹಾಕಿದಂತಾಯಿತು. ಖಿಂಗ್ ಅಳುತ್ತಾಳೆ. ವಿಚಿಯನ್ ತಾನು ಕೊಟ್ಟದ್ದನ್ನು ತಂಗಿ ಗದ್ದೆಗೆ ಎಸೆದಳು ಅಂದುಕೊಳ್ಳುತ್ತಾನೆ, ಬಹುಶಃ ಇನ್ನೆಂದೂ ಮಾತಾಡುವುದಿಲ್ಲ. ಎಲ್ಲ ಗೊತ್ತಿತ್ತು ಅವಳಿಗೆ, ಆದರೂ ಕೈ ನಿಲ್ಲಲಿಲ್ಲ. ಮಾರಿದ ಗಾಡಿಗಳನ್ನೆಲ್ಲ ಕೂಡಲೇ ವಾಪಸ್ ಕರೆಸಬೇಕು ಅಂತಲೂ ಬರೆದಳು. ಕೊನೆಯಲ್ಲಿ ಪೂರ್ತಿ ಹೆಸರು, ಕೆಳಗೆ ಮುಖ್ಯ ಎಂಜಿನಿಯರ್ ಅಂತ ಹುದ್ದೆ ಹಾಕಿದಳು. ಆ ಪದವನ್ನು ತನ್ನ ಹೆಸರಿನ ಕೆಳಗೆ ಬರೆಯುವುದು ಅದೇ ಕೊನೆ ಅನ್ನಿಸಿತು.

ಖಮ್‌ಪಾನ್ ಹಾಳೆಯನ್ನು ತೆಗೆದುಕೊಂಡು ಅಕ್ಷರದ ಕೆಳಗೆ ಬೆರಳಿಟ್ಟು ಓದಿದ. ಆಮೇಲೆ ಅವನ ಮುಖ ಕುಸಿಯಿತು.

"ಇಷ್ಟು ದಿನ ಕೂತಲ್ಲಿ ನಿಂತಲ್ಲಿ ಅವಳ ಹತ್ರ ತಪ್ಪಾಯ್ತು ತಪ್ಪಾಯ್ತು ಅಂತಿದ್ದೆ" ಅಂದ ಹೆಂಡತಿಗೆ. "ಅದೊಂದು ಮಾತಿತ್ತು ನಮ್ಮಿಬ್ರಿಗೆ. ಇನ್ಮೇಲೆ ಅವಳ ಹತ್ರ ಏನಂತ ಮಾತಾಡ್ಲೇ?"

ತನ್ನ ನೆತ್ತಿಯ ಭಾರ ಇಳಿಸಲು ಬಂದವಳು ಈ ಮನುಷ್ಯನ ಕೈಯಲ್ಲಿ ಉಳಿದಿದ್ದ ಒಂದನ್ನೂ ಕಿತ್ತುಕೊಂಡೆನೇನೋ ಅಂತ ಒರತೈಗೆ ಅನ್ನಿಸಿತು. ಓನ್‌ಸಿ ಬುಟ್ಟಿಯ ಮುಚ್ಚಳ ತೆಗೆದು, ಅನ್ನದ ಒಂದು ತುತ್ತನ್ನು ಉಂಡೆ ಕಟ್ಟಿ, ಮೆಣಸಿನ ಚಟ್ನಿ ಒತ್ತಿ ಗಂಡನ ಅಂಗೈಯಲ್ಲಿಟ್ಟಳು.

"ದಿನಾ ಸಂಜೆ ಕೋರಾತಿಂದ ಫೋನ್ ಮಾಡಿ ಏನು ಕೇಳ್ತಿದ್ಲು ಅವಳು? ಅಪ್ಪಾ, ಉಂಡ್ಯಾ ಅಂತ ತಾನೆ?" ಅಂದಳು. "ಉಂಡೆ ಅಂತ ಹೇಳು."

ಖಮ್‌ಪಾನ್ ತುತ್ತನ್ನು ಬಾಯಿಗಿಟ್ಟುಕೊಂಡು ಅಗಿಯತೊಡಗಿದ.